ತೂಕದ ಯಂತ್ರದ ಮೇಲೆ ಪುದೀನ

ಜೂನ್ ೧೪, ಭಾನುವಾರ ಮಧ್ಯಾಹ್ನ

ರೀ,

ನಮಸ್ಕಾರ. ನಿಮ್ಮ ಕೆಮ್ಮು ವಾಸಿಯಾಗಿರಬಹುದು ಅಂದುಕೊಂಡಿದ್ದೇನೆ. ಕಲ್ಲಿನ ಪುಡಿ ಹಾರುವ ಜಾಗ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕಂತೆ, ಅತ್ತೆ ಹೇಳಿಸಿದ್ದಾರೆ. ನಿಮ್ಮ ಪಾರ್ಸೆಲ್ ಬಂದು ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ಕ್ಷಮಿಸಿ ಎಂದು ಬರೆಯುವುದು ರೂಢಿ; ಬರೆದಿದ್ದೇನೆ ಎಂದುಕೊಳ್ಳಿ. ನಿಜವೆಂದರೆ, ಇದಕ್ಕೆ ಮೊದಲು ಬರೆದ ಕಾಗದಗಳನ್ನು ನಾನೇ ಹರಿದು ಹಾಕಿದೆ. ಅವುಗಳಲ್ಲಿ ಬರೀ ಬೈಗುಳವಿತ್ತು. ಇದರಲ್ಲೂ ಇದೆ, ಆದರೆ ನಡುವೆ ಸಮಾಚಾರವೂ ಇದೆ.

ಫೋನಿನಲ್ಲಿ ಹೇಳೋಣವೆಂದರೆ ನಮ್ಮದು ಎರಡು ಕೋಣೆಯ ಮನೆ, ನಾನು ಆಡುವುದೆಲ್ಲ ಮಗಳ ಕಿವಿಗೆ ಬೀಳುತ್ತದೆ. ಹೇಳಬೇಕಾದದ್ದು ಅವಳ ವಿಷಯವೇ. ಅವಳು ಊಟ ಬಿಟ್ಟಿದ್ದಾಳೆ. ಹದಿಮೂರು ವರ್ಷದ ಹುಡುಗಿ ತಟ್ಟೆಯ ಮುಂದೆ ಕೂರುತ್ತಾಳೆ, ಅನ್ನವನ್ನು ಈ ಅಂಚಿನಿಂದ ಆ ಅಂಚಿಗೆ ತಳ್ಳುತ್ತಾಳೆ, ನೀರು ಕುಡಿದು ಎದ್ದು ಹೋಗುತ್ತಾಳೆ. ತಿಂಗಳ ಕೊನೆಗೆ ನೀವು ರಜಕ್ಕೆ ಬರುತ್ತೀರಿ. ಅಷ್ಟರೊಳಗೆ ನಿಮಗಿದು ಗೊತ್ತಿರಬೇಕು.

ಮೊದಲು ನಿಮ್ಮ ಉಡುಗೊರೆಯ ವಿಷಯ. ಮುಳ್ಳಿನ ತೂಕದ ಯಂತ್ರ ಒಡೆಯದೆ ತಲುಪಿದೆ. ಜೊತೆಗಿದ್ದ ಚೀಟಿಯೂ ಸಿಕ್ಕಿತು. ‘ತಾಯಿ ಮಗಳು ದಿನಾ ನಿಂತು ನೋಡಿ, ನಾನು ಬರುವಷ್ಟರಲ್ಲಿ ಯಾರು ಹೆಚ್ಚು ಇಳಿಸಿರ್ತೀರೋ ಅವರಿಗೆ ಬಹುಮಾನ’ ಎಂದು ಬರೆದಿದ್ದೀರಿ. ನಿಮಗೆ ಅದು ತಮಾಷೆ. ಲಾರಿ ತೂಗುವವರಿಗೆ ಜಗತ್ತೇ ತಕ್ಕಡಿಯ ಮೇಲೆ ಹತ್ತಿ ಇಳಿಯುವ ಸಾಮಾನು. ಚೀಟಿಯನ್ನು ಜೋರಾಗಿ ಓದಿದವಳು ಮಗಳು. ಓದಿ, ಮಡಿಸಿ, ಮೇಜಿನ ಮೇಲಿಟ್ಟು ಒಳಗೆ ಹೋದಳು.

ಈಗ ಆ ಯಂತ್ರದ ಮೇಲೆ ಅತ್ತೆ ಪುದೀನದ ಕುಂಡ ಇಟ್ಟಿದ್ದಾರೆ. ಹಿತ್ತಲ ಬಾಗಿಲ ಬಳಿ ಬಿಸಿಲು ಚೆನ್ನಾಗಿ ಬೀಳುತ್ತದೆ. ನೀರು ಹಾಕಿದಾಗ ಮುಳ್ಳು ಮೇಲೇರುತ್ತದೆ, ಗಿಡ ದಿನೇ ದಿನೇ ಮೈ ತುಂಬಿಕೊಳ್ಳುತ್ತಿದೆ. ಯಾರೂ ನಗುತ್ತಿಲ್ಲ.

ಲಾರಿ ತೂಗುವ ಹಳೆಯ ವೇಬ್ರಿಡ್ಜಿನಲ್ಲಿ ನಿಮ್ಮ ಕೊನೆಯ ದಿನ ನೆನಪಿದೆಯೆ? ಹೊಸ ಕ್ವಾರಿಗೆ ವರ್ಗವಾಗಿತ್ತು. ನಾನೂ ಮಗಳೂ ಬುತ್ತಿ ಕಟ್ಟಿಕೊಂಡು ಬಂದಿದ್ದೆವು. ಲಾರಿಗಳು ಸಾಲಾಗಿ ನಿಂತಿದ್ದವು. ನೀವು ಕ್ಯಾಬಿನ್ನಿನ ಒಳಗಿನಿಂದ ಮೈಕಿನಲ್ಲಿ, ‘ಮುಂದಿನ ಗಾಡಿ ಬರ್ಲಿ! ಏ, ನೀನೇ ಕಣೇ, ಬಾ, ನಿಂತ್ಕೋ!’ ಎಂದು ಕೂಗಿದಿರಿ. ಡ್ರೈವರುಗಳೆಲ್ಲ ಇಳಿದು ನೋಡುತ್ತಿದ್ದರು. ಬರುವುದಿಲ್ಲ ಎಂದರೆ ಬಿಗುಮಾನ ಎನ್ನುತ್ತಾರೆ, ಅದಕ್ಕೆ ನಿಂತೆ. ತಲೆಯ ಮೇಲೆ ಕೆಂಪು ಅಂಕಿಗಳು ಉರಿದವು. ಹತ್ತು ಹತ್ತು ಕಿಲೋ ಲೆಕ್ಕದಲ್ಲಿ ತೋರಿಸುವ ಯಂತ್ರ ಅದು; ಲಾರಿಗೆ ಅದು ಸಾಕು. ಕೊನೆಯ ಹತ್ತರಲ್ಲಿ ಎಷ್ಟೋ ನನ್ನದಲ್ಲ ಎಂದು ಕೂಗಬೇಕೆನಿಸಿತು. ಅಷ್ಟರಲ್ಲಿ ನೀವು, ‘ಓವರ್‌ಲೋಡ್! ದಂಡ ಹಾಕ್ರಪ್ಪಾ!’ ಎಂದಿರಿ. ಎಲ್ಲರೂ ನಕ್ಕರು, ಯಾರೋ ಹಾರ್ನ್ ಬಾರಿಸಿದರು. ನಾನು ಕೈ ತೊಳೆಯುವ ನೆಪ ಮಾಡಿ ಕ್ಯಾಬಿನ್ನಿನ ಹಿಂದಿದ್ದ ನಲ್ಲಿಯ ಕಡೆಗೆ ಹೋದೆ. ಬಹಳ ಹೊತ್ತು ಕೈ ತೊಳೆದೆ.

ಆಮೇಲೆ ತೂಕ ಇಳಿಸಲು ಹೊರಟೆ. ನಿಮ್ಮ ಮೇಲಿನ ಸಿಟ್ಟಿಗೇ. ಬೆಳಿಗ್ಗೆ ಬೇಯಿಸಿದ ಎಲೆಕೋಸು, ಮಧ್ಯಾಹ್ನ ಬೇಯಿಸಿದ ಬೀನ್ಸು, ರಾತ್ರಿ ಉಳಿದದ್ದು. ಉಪ್ಪು ಹಾಕಿದರೂ ಹಾಕದಂತೆ. ಲಾಂಡ್ರಿಯಲ್ಲಿ ಇಸ್ತ್ರಿ ಹಿಡಿದು ನಿಂತವಳಿಗೆ ಕಣ್ಣು ಕತ್ತಲೆ ಬರುತ್ತಿತ್ತು. ಮನೆಗೆ ಬಂದವಳೇ ಅಡುಗೆಮನೆಯಲ್ಲಿ ನಿಂತುಕೊಂಡು ಬಿಸ್ಕತ್ತಿನ ಡಬ್ಬಿಗೆ ಕೈ ಹಾಕುತ್ತಿದ್ದೆ. ಒಂದು ದಿನ ಅತ್ತೆ ನೋಡಿ, ‘ಏನಮ್ಮಾ ಇದು, ಶಿಕ್ಷೇನಾ? ನೀನೇನು ಕಳ್ಳತನ ಮಾಡಿದ್ದೀಯಾ?’ ಎಂದರು. ನಾನು ಡಬ್ಬಿಯ ಮುಚ್ಚಳ ಹಾಕಿದೆ.

ಅಂದಿನಿಂದ ಬೇರೆ ದಾರಿ ಹಿಡಿದೆ. ಅದೇ ತರಕಾರಿಯೇ, ಆದರೆ ಬಾಯಿಗೆ ಬೇಸರವಾಗದ ಹಾಗೆ. ಕುಂಬಳಕಾಯಿಯನ್ನು ದಪ್ಪ ಹೋಳು ಮಾಡಿ, ಬಾಣಲೆಗೆ ಎಣ್ಣೆ ಸವರಿ, ಅಂಚು ಕಪ್ಪಾಗುವವರೆಗೆ ಬಿಟ್ಟು ಮೆಣಸಿನ ಪುಡಿ ಉದುರಿಸಿದರೆ ಅದು ಒಂದು ರುಚಿ. ಅದನ್ನೇ ಬೆಳ್ಳುಳ್ಳಿಯ ಜೊತೆ ಬೇಯಿಸಿ ಕಿವುಚಿ, ಮೇಲೆ ತಣ್ಣನೆಯ ಮೊಸರು ಹಾಕಿದರೆ ಇನ್ನೊಂದು. ಎಲೆಕೋಸನ್ನು ಬೇಯಿಸುವುದೇ ಬೇಡ. ಸಣ್ಣಗೆ ಹೆಚ್ಚಿ, ನಿಂಬೆ ಹಿಂಡಿ, ಹುರಿದ ಕಡಲೆಬೀಜ ಕುಟ್ಟಿ ಹಾಕಿದರೆ ಕರುಕುರು ಎನ್ನುತ್ತದೆ. ಮೆತ್ತಗಿನದರ ಪಕ್ಕ ಗರಿಗರಿಯದು, ಹುಳಿಯ ಪಕ್ಕ ಖಾರ, ಅನ್ನ ಒಂದು ಹಿಡಿ. ಮುಖ್ಯವಾಗಿ, ಕೂತು ಉಣ್ಣುವುದು. ಭಾನುವಾರ ಏನಾದರೂ ಕರಿದದ್ದು, ನಾಚಿಕೆಯಿಲ್ಲದೆ. ಅತ್ತೆಗೆ ಇದೆಲ್ಲ ನಾಟಕ ಕಂಡಂತೆ. ‘ಒಂದೇ ಕುಂಬಳಕಾಯಿಗೆ ಎಷ್ಟು ವೇಷ ಹಾಕಿಸ್ತೀಯೇ! ಪಾಪ, ಅದಕ್ಕೂ ತಾನು ಯಾರು ಅಂತ ಮರೆತು ಹೋಗಿರುತ್ತೆ’ ಎನ್ನುತ್ತಾರೆ. ಬಟ್ಟೆಗಳು ಸಡಿಲವಾದವು. ಕಣ್ಣು ಕತ್ತಲೆ ಬರುವುದು ನಿಂತಿತು. ಎಷ್ಟು ಕಿಲೋ ಇಳಿದೆ ಎಂದು ನಾನು ನೋಡಿಲ್ಲ, ನಿಮಗೆ ಹೇಳುವುದೂ ಇಲ್ಲ.

ನಾನು ಉಂಡು ಸಣ್ಣಗಾಗುತ್ತಿದ್ದೆ, ಅವಳು ಉಣ್ಣದೆ ಸಣ್ಣಗಾಗುತ್ತಿದ್ದಳು. ಒಂದೇ ಮನೆಯಲ್ಲಿ, ಒಂದೇ ಮೇಜಿನ ಮೇಲೆ. ಶಾಲೆಯ ನರ್ಸಮ್ಮ ನನ್ನನ್ನು ಕರೆಸಿ, ‘ಬೆಳೆಯೋ ವಯಸ್ಸಲ್ಲಿ ತೂಕ ಇಳೀಬಾರ್ದಮ್ಮ, ಮನೇಲಿ ಸರಿಯಾಗಿ ತಿಂತಾಳಾ?’ ಎಂದು ಕೇಳಿದರು. ಅಂದೇ ದಾರಿಯಲ್ಲಿ ನಿಂತು ನಿಮಗೆ ಫೋನ್ ಮಾಡಿದ್ದೆ. ನೀವು ಏನೆಂದಿರಿ? ‘ಬಿಡೇ, ಒಳ್ಳೇದೇ ಆಯ್ತು. ಈಗಿಂದಲೇ ಹುಷಾರಾಗಿದ್ರೆ ನಿನ್ನ ಥರ ಆಮೇಲೆ ಒದ್ದಾಡೋದು ತಪ್ಪುತ್ತೆ.’ ನಾನು ಫೋನ್ ಇಟ್ಟೆ. ಲೈನ್ ಕಟ್ಟಾಯಿತು ಎಂದು ನೀವು ಅಂದುಕೊಂಡಿರಬೇಕು. ಅಲ್ಲ, ಇಟ್ಟದ್ದು.

ಆಮೇಲೆ ನಾನು ಮಾಡಿದ ಅಡುಗೆಯೆಲ್ಲ ಅವಳಿಗಾಗಿ. ಅವಳ ಮೂಗನ್ನು ಹಿಡಿದು ಎಳೆದು ತರುವ ಹಾಗೆ ಬೆಳ್ಳುಳ್ಳಿ ಹುರಿದೆ, ಮೊಟ್ಟೆಗೆ ಪುದೀನ ಕತ್ತರಿಸಿ ಹಾಕಿದೆ. ಮುಂದಿನ ಸಲ ನರ್ಸಮ್ಮ ತೂಗಿದಾಗ ತೂಕ ಏರಿತ್ತು. ‘ಪರವಾಗಿಲ್ಲಮ್ಮ, ನಿಮ್ಮ ಅಡುಗೆ ಫಲ ಕೊಟ್ಟಿದೆ’ ಎಂದು ನಕ್ಕರು. ನಾನು ದಾರಿಯುದ್ದಕ್ಕೂ ನಗುತ್ತ ಬಂದೆ. ಗೆದ್ದೆ ಅಂದುಕೊಂಡೆ.

ಲಾಂಡ್ರಿಯಲ್ಲಿ ನಮ್ಮದೊಂದು ಅಭ್ಯಾಸ ಇದೆ, ನಿಮಗೆ ಗೊತ್ತು. ಜೇಬು ತಡವದೆ ಯಾವ ಬಟ್ಟೆಯನ್ನೂ ನೀರಿಗೆ ಹಾಕುವುದಿಲ್ಲ. ಮನೆಯ ಬಟ್ಟೆಗೂ ಕೈ ತಾನಾಗಿ ಹೋಗುತ್ತದೆ. ಆ ಸಂಜೆ ಅವಳ ಶಾಲೆಯ ಲಂಗದ ಜೇಬುಗಳಲ್ಲಿ ಕಬ್ಬಿಣದ ನಟ್ಟುಗಳಿದ್ದವು. ದಪ್ಪನೆಯವು, ಎಣ್ಣೆಯ ಜಿಡ್ಡಿನವು, ನಿಮ್ಮ ಸಾಮಾನಿನ ಪೆಟ್ಟಿಗೆಯವು. ಒಂದೊಂದೇ ತೆಗೆದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸಾಲಾಗಿ ಇಟ್ಟೆ. ಇಡುತ್ತ ಇಡುತ್ತ ನಿಮ್ಮ ದನಿ ಕೇಳಿಸಿತು. ಊಟಕ್ಕೆ ಕೂತಾಗಲೆಲ್ಲ ನೀವು ಹೇಳುತ್ತಿದ್ದ ಕಥೆಗಳು: ಯಾವ ಡ್ರೈವರು ತೂಕ ಹೆಚ್ಚು ತೋರಿಸಲು ಟ್ಯಾಂಕಿನ ತುಂಬ ನೀರು ತುಂಬಿಸಿದ್ದ, ಯಾವನು ಸೀಟಿನ ಕೆಳಗೆ ಕಬ್ಬಿಣ ಅಡಗಿಸಿದ್ದ, ನೀವು ಹೇಗೆ ಹಿಡಿದಿರಿ. ಅವಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. ವಿದ್ಯೆ ವ್ಯರ್ಥವಾಗಲಿಲ್ಲ. ನೀವು ಇದ್ದಿದ್ದರೆ ಹಿಡಿಯುತ್ತಿದ್ದಿರಿ. ನನಗೆ ಬಂದ ಸಿಟ್ಟು ಅವಳ ಮೇಲೆ ಅಲ್ಲ.

ಅತ್ತೆಗೆ ಹೇಳಿದೆ. ಅವರು ಒಂದು ನಟ್ಟನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡರು. ‘ಹುಟ್ಟಿದಾಗ ಅವನೆಷ್ಟು ತೂಕ ಇದ್ದ ಅಂತ ನಾನು ಯಾರಿಗಾದ್ರೂ ಮೈಕಲ್ಲಿ ಹೇಳಿದ್ನಾ?’ ಎಂದರು. ಮತ್ತೆ, ‘ನನ್ನ ಮಗನಿಗೆ ತೂಗೋದು ಬರುತ್ತೆ ಕಣೇ, ತಿನ್ನಿಸೋದು ಬರಲ್ಲ.’ ಆಮೇಲೆಯೇ ಆ ಕುಂಡವನ್ನು ಎತ್ತಿ ತಂದು ನಿಮ್ಮ ಯಂತ್ರದ ಮೇಲೆ ಕುಕ್ಕಿದ್ದು.

ನಿನ್ನೆ ಕುಂಬಳಕಾಯಿ ಹುರಿಯುತ್ತಿದ್ದಾಗ ಅವಳು ಬಾಗಿಲಲ್ಲಿ ಬಂದು ನಿಂತಳು. ನಾನು ತಿರುಗಿ ನೋಡಲಿಲ್ಲ. ಬಾಣಲೆಯ ಅಂಚಿನಿಂದ ಕಪ್ಪಾದ ಒಂದು ಹೋಳನ್ನು ಕೈಯಲ್ಲೇ ತೆಗೆದುಕೊಂಡು, ಬಿಸಿ ಊದುತ್ತ, ತಿಂದಳು. ತಟ್ಟೆಗೆ ಹಾಕಿದ್ದರೆ ತಿನ್ನುತ್ತಿರಲಿಲ್ಲ. ಇನ್ನೊಂದು ತೆಗೆದುಕೊಂಡಳು. ಅಷ್ಟೇ. ಡಾಕ್ಟರ ಬಳಿಗೆ ಗುರುವಾರ ಕರೆದುಕೊಂಡು ಹೋಗುತ್ತಿದ್ದೇನೆ, ಜೇಬಿಲ್ಲದ ಬಟ್ಟೆಯಲ್ಲಿ.

ಆದ್ದರಿಂದ, ನೀವು ಬಂದಾಗ ‘ಸಣ್ಣಗಾದೆ’ ಎನ್ನಬೇಡಿ, ‘ದಪ್ಪಗಾದೆ’ ಎನ್ನಬೇಡಿ. ನನಗೂ ಬೇಡ, ಅವಳಿಗೂ ಬೇಡ. ಬಹುಮಾನ ತಂದಿದ್ದರೆ ಅಲ್ಲೇ ಯಾರಿಗಾದರೂ ಕೊಟ್ಟುಬಿಡಿ. ಮಾಡಿದ್ದನ್ನು ಉಣ್ಣಿ, ಚೆನ್ನಾಗಿದ್ದರೆ ಚೆನ್ನಾಗಿದೆ ಎನ್ನಿ. ಇಷ್ಟು ಆಗದಿದ್ದರೆ ರಜ ಮುಂದೆ ಹಾಕಿ. ಇದನ್ನು ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಆದರೆ ಸಿಟ್ಟು ಇಳಿದ ಮೇಲೂ ಇದನ್ನೇ ಬರೆಯುತ್ತೇನೆ.

ಅತ್ತೆ ಆಶೀರ್ವಾದ ತಿಳಿಸಿದ್ದಾರೆ. ನನ್ನ ಹಾರೈಕೆಯೂ ಇದೆ, ಇಲ್ಲವೆನ್ನಲಾರೆ: ನಿಮ್ಮ ಎದೆ ಹಗುರವಾಗಲಿ, ಹೊತ್ತು ಹೊತ್ತಿಗೆ ಬಿಸಿ ಊಟ ಸಿಗಲಿ, ಹೊಟ್ಟೆ ತುಂಬ ಉಣ್ಣಿ.

ಇಂತಿ,
ನೀವು ಮೈಕಿನಲ್ಲಿ ಓವರ್‌ಲೋಡ್ ಎಂದವಳು

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ವೇಬ್ರಿಡ್ಜಿನಲ್ಲಿ ಆ ದಿನ ನನ್ನನ್ನು ಕಂಡು ಎಲ್ಲರೂ ನಕ್ಕಿದ್ದರಿಂದ ಹೆದರಿ ಅವಳು ಹೀಗಾದಳು ಎಂದೇ ಇಷ್ಟು ದಿನ ತಿಳಿದಿದ್ದೆ. ಇವತ್ತು ಬೆಳಿಗ್ಗೆ ತಲೆ ಬಾಚುವಾಗ ಕೇಳಿದೆ. ನಾನು ನಲ್ಲಿಯ ಹತ್ತಿರ ಇದ್ದಾಗ ಅವಳೂ ವೇಬ್ರಿಡ್ಜಿನ ಮೇಲೆ ನಿಂತಿದ್ದಳಂತೆ. ನೀವು ಮೈಕ್ ಆಫ್ ಮಾಡಿ, ಕಿಟಕಿಯಿಂದ ಬಗ್ಗಿ, ಅವಳ ಕೆನ್ನೆ ತಟ್ಟಿ, ‘ಇದು ನೋಡು ನನ್ನ ಖಾಲಿ ಗಾಡಿ. ಯಾವಾಗ್ಲೂ ಹೀಗೇ ಇರು ಪುಟ್ಟಿ’ ಎಂದಿರಂತೆ. ನಿಮಗೆ ಅದು ನೆನಪೂ ಇರಲಾರದು. ಅವಳು ಹೇಳಿದಳು: ‘ಈಗ ನಾನು ಹಾಗಿಲ್ಲಮ್ಮ. ಮೈಯೆಲ್ಲಾ ಬೇರೆ ಥರ ಆಗ್ತಿದೆ. ಅಪ್ಪ ಬರೋದ್ರೊಳಗೆ ಮತ್ತೆ ಹಾಗೇ ಆಗ್ಬೇಕು.’ ನೀವು ನಕ್ಕದ್ದಕ್ಕಲ್ಲ ರೀ, ಮುದ್ದು ಮಾಡಿದ್ದಕ್ಕೆ. ಅದಕ್ಕೆ ನಾನು ಯಾವ ಅಡುಗೆ ಮಾಡಲಿ? ಬನ್ನಿ. ರಜ ಮುಂದೆ ಹಾಕಬೇಡಿ. ಬಂದು ಅವಳಿಗೆ ಬೇರೇನಾದರೂ ಹೇಳಿ. ಹಾಗೆಯೇ ಬಗ್ಗಿ, ಅವಳೊಬ್ಬಳಿಗೇ ಕೇಳಿಸುವಂತೆ.