ಬಂದೂಕಿನ ಪೆಟ್ಟಿಗೆಗೆ ನಾಲ್ಕು ತೂತು

ಕೆಳಗಿನ ಮನೆಯ ಅಮ್ಮನವರಿಗೆ ನಮಸ್ಕಾರ.

ಗೋಡೆಗೆ ಮೊಳೆ ಹೊಡೆಯಬೇಡಿ ಎಂದು ಬಾಡಿಗೆಗೆ ಕೊಡುವಾಗಲೇ ಹೇಳಿದ್ದಿರಿ. ಆರು ವರ್ಷದಿಂದ ಕ್ಯಾಲೆಂಡರನ್ನೂ ಕಿಟಕಿಯ ಸರಳಿಗೇ ಕಟ್ಟಿದ್ದೇವೆ. ಈಗ ನಾಲ್ಕು ತೂತು ಕೊರೆಯಲು ನಿಮ್ಮ ಒಪ್ಪಿಗೆ ಬೇಕು.

ಸಾಯಲು ಹೊರಟಿದ್ದ ನನ್ನ ತಮ್ಮ ಶುಕ್ರವಾರ ಆಸ್ಪತ್ರೆಯಿಂದ ನಮ್ಮಲ್ಲಿಗೆ ಬರುತ್ತಾನೆ. ಬ್ಯಾಂಕಿನ ಕಾವಲಿಗಿರುವ ನಮ್ಮ ಯಜಮಾನರ ಬಂದೂಕು ಇಷ್ಟು ದಿನ ಬೀರುವಿನ ಮೇಲಿತ್ತು. ಅದಕ್ಕೆ ಉಕ್ಕಿನ ಪೆಟ್ಟಿಗೆ ತಂದಿದ್ದೇವೆ. ಗೋಡೆಗೆ ಬೋಲ್ಟ್ ಹಾಕಿ ಬಿಗಿಯಬೇಕು.

ಅಂಗಡಿಯಲ್ಲಿ ಮೊದಲು ನಂಬರ್ ಒತ್ತಿ ತೆರೆಯುವ ಪೆಟ್ಟಿಗೆ ನೋಡಿದೆವು. ಗುಟ್ಟಿನ ನಂಬರ್ ಇಟ್ಟು ನೋಡಿ ಎಂದಾಗ ಯಜಮಾನರು ನನ್ನ ತಮ್ಮನ ಹುಟ್ಟಿದ ತಾರೀಖನ್ನೇ ಒತ್ತಿದರು.

"ಅಲ್ಲಾ ರೀ, ಯಾರ ಕೈಗೆ ಸಿಗಬಾರದು ಅಂತ ಇದನ್ನ ತಗೊಳ್ತಿರೋದು?" ಅಂದೆ.

"ಬೆರಳು ತಾನಾಗೇ ಹೋಯ್ತು ಕಣೇ. ಚಿಕ್ಕವನಿದ್ದಾಗ ಅವನನ್ನ ಹೆಗಲ ಮೇಲೆ ಕೂರಿಸ್ಕೊಂಡು ಓಡಾಡಿದೀನಲ್ಲ" ಎಂದು ಪೆಚ್ಚಾದರು.

ಬೀಗದ ಪೆಟ್ಟಿಗೆಯನ್ನೇ ತಂದೆವು. ಒಂದು ಕೀಲಿಕೈ ಯಜಮಾನರ ಸೊಂಟದಲ್ಲಿರುತ್ತದೆ. ಇನ್ನೊಂದು ನಿಮ್ಮಲ್ಲಿರಲಿ.

ಅವನು ಚೇತರಿಸಿಕೊಳ್ಳುತ್ತಾನೆ, ನನಗೆ ಅನುಮಾನವಿಲ್ಲ. ಒಂದು ವೇಳೆ ಬಂದು ಕೀಲಿಕೈ ಕೇಳಿದರೆ, ಇಲ್ಲವೆಂದು ಸುಳ್ಳು ಹೇಳಬೇಡಿ. ಇದೆ, ಕೊಡುವುದಿಲ್ಲ ಎನ್ನಿ. ಆಮೇಲೆ ಒಳಗೆ ಕರೆದು ಕೂರಿಸಿಕೊಂಡು ನನ್ನನ್ನು ಕೂಗಿ.

ಇಂತಿ,
ನಿಮ್ಮ ಮಹಡಿ ಮನೆಯವಳು