ಒಂದೇ ಮಾತಿನ ಊರು

ಹೊಸಪೇಟೆ, ೧೨-೩-೨೦೦೮

ಗವಿಸಿದ್ದಪ್ಪ ಮಾವನವರಿಗೆ ಶರಣು.

ಅದಿರು ಲಾರಿಗಳ ಧೂಳಿನ ಬಗ್ಗೆ ಊರೂರಿನವರು ಬರೆಸಿದ ದೂರುಗಳು ನಾನು ಕೆಲಸ ಮಾಡುವ ಕಚೇರಿಯ ಕಂಪ್ಯೂಟರಿಗೇ ಬಂದವು. "ಊರಿಗೊಂದೇ ಸಾಲು ಬರ್ಲಿ. ಎಲ್ಲಾರ ಮಾತು ಅದರಾಗ ಜೋಡ್ಸು, ಅದೇ ಮಾತು ಮತ್ತ ಬಂದ್ರ ತೆಗೆದುಬಿಡು" ಎಂದರು ಸಾಹೇಬರು. ಹಾಗೆಯೇ ಪ್ರೋಗ್ರಾಂ ಬರೆದೆ.

ಪಕ್ಕದೂರಿನವರು ಒಬ್ಬೊಬ್ಬರು ಒಂದೊಂದು ಹೇಳಿದ್ದರು. ಜೋಳ, ಬಾವಿ, ಎಮ್ಮೆ, ಕಣ್ಣುರಿ ಎಂದು ಅವರ ಸಾಲು ಅರ್ಧ ಪುಟ ತುಂಬಿತು. ನಮ್ಮೂರಲ್ಲಿ ನೀವು ಮನೆಮನೆಗೆ ಹೋಗಿ "ಎಲ್ಲಾರೂ ಒಂದೇ ಮಾತು ಬರಸ್ರಿ, ಊರು ಒಡದಂಗ ಕಾಣಬಾರ್ದು" ಎಂದಿದ್ದಿರಿ. ಒಬ್ಬರೂ ತಪ್ಪಲಿಲ್ಲ. ನಮ್ಮೂರಿನ ಹೆಸರಿನ ಮುಂದೆ ಈಗ ಉಳಿದಿರುವುದು "ಧೂಳು ಭಾಳ ಐತಿ" ಎಂಬುದಷ್ಟೇ.

ಇದು ಇಡೀ ಊರೇ ಹೇಳಿದ್ದು ಎಂದು ಸಾಹೇಬರಿಗೆ ತಿಳಿಸಿದೆ. "ಹಾಳಿ ಮ್ಯಾಲೆ ಒಂದೇ ಐತಲ್ಲವಾ" ಎಂದು ಸಹಿ ಹಾಕಿದರು.

ಹೆಚ್ಚು ದೂರು ಇರುವ ಊರಿಗಷ್ಟೇ ಡಾಕ್ಟರರ ಗಾಡಿ ಕಳಿಸುತ್ತಾರೆ. ಅದು ಸೋಮವಾರ ಪಕ್ಕದೂರಿಗೆ ಬರುತ್ತದೆ. ನಮ್ಮೂರಿಗೆ ಬರುವುದಿಲ್ಲ. ಅತ್ತೆ ತಮ್ಮ ಕೆಮ್ಮಿನ ವಿಷಯ ಬರೆಸಲು ಹೊರಟಾಗ ನೀವೇ ಬೇಡವೆಂದಿರಂತೆ, ಇರಲಿ. ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಕಫದಲ್ಲಿ ರಕ್ತ ಬರುವುದನ್ನು ಮುಚ್ಚಿಡಬೇಡಿ. ಆ ಊರಿನವರನ್ನಷ್ಟೇ ನೋಡುತ್ತಾರಂತೆ. ಯಾವೂರು ಎಂದು ಕೇಳಿದರೆ ನಮ್ಮೂರ ಹೆಸರು ಮಾತ್ರ ಹೇಳಬೇಡಿ.

ನಿಮ್ಮ ತಂಗಿಯ ಮಗಳು,
ಸುಕನ್ಯಾ