ನಿನ್ನ ಶಾಲು ನನ್ನ ಹೆಗಲಿಗೆ

ಕೊಟ್ರಬಸಮ್ಮ,

ನೀನು ತೀರಿಕೊಂಡು ನಾಲ್ಕು ವರ್ಷವಾಯಿತು. ಓದುವವರಿಲ್ಲದ ಕಾಗದ ಯಾಕೆ ಬರೆಯಬೇಕು? ಸಿಟ್ಟು ತಡೆಯಲಾಗದೆ ಬರೆಯುತ್ತಿದ್ದೇನೆ.

ಇವತ್ತು ನಮ್ಮೂರ ಪಂಚಾಯ್ತಿಯ ಹೊಸ ಕಟ್ಟಡದ ಉದ್ಘಾಟನೆ ಇತ್ತು. ಊರಿನ ಮೊದಲ ಮಹಿಳಾ ಅಧ್ಯಕ್ಷೆ ಎಂದು ನಿನ್ನ ಹೆಸರು ಕೂಗಿ, ಶಾಲನ್ನು ಗಂಡನಾದ ನನಗೆ ಹೊದಿಸಿದರು. ಅದು ಸಾಲದೆಂದು ಈಗಿನ ಅಧ್ಯಕ್ಷೆಯ ಗಂಡ ವೀರಭದ್ರ ಮೈಕಿನಲ್ಲಿ, "ಹಿಂದ ನಿಂತು ಎಲ್ಲಾ ನಡೆಸಿದವ್ರು ಈ ಯಜಮಾನ್ರ" ಅಂದ. ಕುಡಿಯುವ ನೀರಿನ ಕೆರೆಗಾಗಿ ನೀನು ಹನ್ನೊಂದು ಸಲ ಬಳ್ಳಾರಿಯ ಕಚೇರಿಗೆ ಬಸ್ಸು ಹತ್ತಿದೆ. ಒಂದು ಸಲವೂ ನಾನು ಜೊತೆಗೆ ಬರಲಿಲ್ಲ.

ಮೈಕು ಕಿತ್ತುಕೊಂಡೆ. "ಲೇ, ನಾ ಏನೂ ಮಾಡಿಲ್ಲ. ಮೊದಲ್ನೇ ದಿನ ಅಕಿ ಕುರ್ಚಿ ಮ್ಯಾಲೆ ನಾನ ಕುಂತಿದ್ದೆ. 'ಏಳ್ರಿ, ಜನ ಆರಿಸಿದ್ದು ನನ್ನ' ಅಂದ್ಲು. ಆ ಸಿಟ್ಟಿಗೆ ಮೂರು ತಿಂಗಳು ಅಕಿ ಮಾಡಿದ್ದು ಉಣ್ಣಲಿಲ್ಲ. ತಪ್ಪು ನಂದು!"

ಜನ ಬಿದ್ದು ಬಿದ್ದು ನಕ್ಕರು. "ಎಷ್ಟು ದೊಡ್ಡ ಮನಸರಿ ನಿಮ್ದು!" ಎಂದು ವೀರಭದ್ರ ಚಪ್ಪಾಳೆ ಹೊಡೆಸಿದ.

'ತಪ್ಪು ನಂದು' ಅನ್ನುವುದು ನೀನಿದ್ದಾಗ ಒಂದು ದಿನವೂ ನನ್ನ ಬಾಯಿಗೆ ಬಾರದ ಮಾತು. ಊರಿನವರೆದುರು ಹೇಳಿದೆ, ಒಬ್ಬನೂ ನಂಬಲಿಲ್ಲ. ನೀನು ಇದ್ದಿದ್ದರೆ ನೀನೊಬ್ಬಳು ನಂಬುತ್ತಿದ್ದೆ.